ತನ್ನೂರನ್ನು ಬೈಯುವ ಹಕ್ಕು

ಅಲ್ ಥುಮಾಮಾದ ಆ ಪಾಲಿಕ್ಲಿನಿಕ್ಕಿನಲ್ಲಿ ನಾನು ಇನ್ಶೂರೆನ್ಸ್ ಕೌಂಟರಿನ ಕೆಲಸಕ್ಕೆ ಸೇರಿದ ಮೊದಲ ದಿನ, ರಿಸೆಪ್ಷನ್ನಿನ ಹುಡುಗಿ ನಗುತ್ತಾ, "ಒಳಗೆ ಹೋಗಿ, ಅತೆ ಎಲ್ಲ ಹೇಳಿಕೊಡ್ತಾರೆ" ಎಂದಳು. ನನಗೆ ಎದೆ ಧಸಕ್ಕೆಂದಿತು. ಮದುವೆಯಾಗಿ ಕುಂದಾಪುರದಿಂದ ದೋಹಾಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಅತ್ತೆ ಊರಿನಲ್ಲಿ ಮಹಿಳಾ ಮಂಡಲದ ಅಧ್ಯಕ್ಷರಾಗಿ ಭಾಷಣ ಮಾಡಿಕೊಂಡು ಹಾಯಾಗಿದ್ದರು. ಇಲ್ಲಿ ಇದ್ಯಾವ ಅತ್ತೆ?

ಬಾಗಿಲು ತಳ್ಳಿ ನೋಡಿದರೆ, ಐದಡಿಯೂ ಇಲ್ಲದ ಒಬ್ಬ ಹೆಂಗಸು ಪುಟ್ಟ ಹುಡುಗನ ಮಂಡಿಗೆ ಪಟ್ಟಿ ಕಟ್ಟುತ್ತಾ ಹಾಡು ಹೇಳುತ್ತಿದ್ದರು. ಹುಡುಗ ಅಳುವುದನ್ನು ಮರೆತು ಅವರ ಬಾಯಿಯನ್ನೇ ನೋಡುತ್ತಿದ್ದ. ನಾನು ಹಾಜರಾತಿಯ ಕೋಣೆ ಎಲ್ಲಿ ಎಂದು ಕೇಳಿದೆ. ಅವರು ಹಾಡು ನಿಲ್ಲಿಸದೆ, ಕೈಯನ್ನೂ ಎತ್ತದೆ, ತುಟಿಗಳನ್ನು ಮುಂದಕ್ಕೆ ಚಾಚಿ ಎಡಗಡೆಯ ಬಾಗಿಲನ್ನು ತೋರಿಸಿದರು. ನನಗೇನೋ ಮುತ್ತು ಕೊಡುತ್ತಿದ್ದಾರೆ ಎಂದು ಗಾಬರಿಯಾಯಿತು. ಆಮೇಲೆ ತಿಳಿಯಿತು, ಅವರ ದೇಶದಲ್ಲಿ ದಿಕ್ಕು ತೋರಿಸುವುದೇ ಹಾಗೆ. ಬೆರಳಿಗೆ ಬೇರೆ ಕೆಲಸವಿರುತ್ತದಲ್ಲ!

ಅವರು ಫಿಲಿಪೀನ್ಸ್‌ನವರು, ನಮ್ಮ ಕ್ಲಿನಿಕ್ಕಿನ ಹೆಡ್ ನರ್ಸ್. 'ಅತೆ' ಎಂದರೆ ಅವರ ಕಡೆ ಅಕ್ಕ. ಡಾಕ್ಟರುಗಳೂ, ಡ್ರೈವರುಗಳೂ, ಅರಬ್ಬಿ ಮಾತನಾಡುವ ಮುದುಕಿಯರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನನ್ನ ಮನೆಯಲ್ಲಿ ಮಾತ್ರ ಇದರಿಂದ ದಿನಕ್ಕೊಂದು ಗೊಂದಲ. ನನ್ನ ಗಂಡ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ ಮುಗಿಸಿ ಬಂದು ಕೂತಾಗ ನಾನು, "ಹ್ವಾಯ್, ಇವತ್ತ್ ಅತೆ ಭಾರೀ ಬೈದ್ರ್" ಎನ್ನುತ್ತಿದ್ದೆ. ಅವರು ಚಹಾದ ಲೋಟ ಕೆಳಗಿಟ್ಟು, "ಅಮ್ಮ ಫೋನ್ ಮಾಡಿದ್ರಾ? ಎಂತಕ್ ಬೈದ್ರ್?" ಎಂದು ಕಣ್ಣರಳಿಸುತ್ತಿದ್ದರು.

ಹಾಗೆ ನೋಡಿದರೆ ಅತೆ ಬೈದರು ಎನ್ನುವುದೂ ತಪ್ಪೇ. ಅವರದು ಇಲೊಯ್ಲೊ ಎಂಬ ಊರಿನ ಕಡೆ. ಅಲ್ಲಿಯವರು ಎಷ್ಟೇ ಸಿಟ್ಟು ಬಂದರೂ ತೊಟ್ಟಿಲು ತೂಗುವ ದನಿಯಲ್ಲೇ ಮಾತನಾಡುತ್ತಾರಂತೆ. ಇದು ಅವರೇ ಹೇಳಿದ ಮಾತು. ನಾನು ಕಣ್ಣಾರೆ, ಕಿವಿಯಾರೆ ಕಂಡುಕೊಂಡ ಸತ್ಯವೂ ಹೌದು. ನಾನೊಮ್ಮೆ ಇಬ್ಬರು ರೋಗಿಗಳ ಇನ್ಶೂರೆನ್ಸ್ ಕಾರ್ಡನ್ನು ಅದಲುಬದಲು ಮಾಡಿಬಿಟ್ಟಾಗ ಅವರು ನನ್ನ ಕೌಂಟರಿಗೆ ಬಂದು, "ಇಂದಾಯ್, ನಿನ್ನ ತಲೆಯನ್ನು ಮನೆಯ ಫ್ರಿಜ್ಜಿನಲ್ಲಿ ಮರೆತು ಬಂದಿದ್ದೀಯಾ?" ಎಂದು ಎಷ್ಟು ಇಂಪಾಗಿ ಕೇಳಿದರೆಂದರೆ, ಕಾಯುತ್ತಿದ್ದವರು ಅದನ್ನೊಂದು ಶುಭಾಶಯ ಎಂದುಕೊಂಡು ನನಗೆ ಮುಗುಳ್ನಗೆ ಕೊಟ್ಟರು. ಇಂದಾಯ್ ಎಂದರೆ ಅವರ ಸೀಮೆಯಲ್ಲಿ ಕಿರಿಯ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ನನ್ನ ನಿಜವಾದ ಹೆಸರು ಅವರ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ; ಅವರೂ ಹತ್ತಿಸಿಕೊಳ್ಳಲು ಹೋಗಲಿಲ್ಲ.

ಅವರಿಗೆ ನಿಜವಾಗಿ ಬೈಯುವ ಹುಮ್ಮಸ್ಸು ಬರುತ್ತಿದ್ದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಬೈಗುಳ ಬೇರೆ ಯಾರಿಗೂ ಅಲ್ಲ, ತಮ್ಮ ದೇಶಕ್ಕೆ. ಪ್ಯಾಂಟ್ರಿಯ ಮೇಜಿನ ಸುತ್ತ ನಾವು ಡಬ್ಬಿ ಬಿಚ್ಚುತ್ತಿದ್ದಂತೆ ಅವರ ಪುರಾಣ ಶುರು. "ನಿನ್ನೆ ನಮ್ಮೂರಲ್ಲಿ ಮತ್ತೆ ಕರೆಂಟಿಲ್ಲ! ರಸ್ತೆ ಹಾಕ್ತಾರೆ, ಮರುವಾರ ಅಗೀತಾರೆ, ಮತ್ತೆ ಹಾಕ್ತಾರೆ. ರಸ್ತೆ ಏನು ಸೀರೆಯಾ, ದಿನಾ ಉಟ್ಟು ಬಿಚ್ಚೋಕೆ?" ಎನ್ನುವರು. ಸೀರೆಯ ಹೋಲಿಕೆಯನ್ನು ನನ್ನಿಂದ ಕಲಿತಿದ್ದರು. ಚುನಾವಣೆಗೆ ನಿಂತವರು ವೇದಿಕೆಯ ಮೇಲೆ ಕುಣಿಯುವುದನ್ನು ಎದ್ದು ನಿಂತು ಸೊಂಟ ತಿರುಗಿಸಿ ತೋರಿಸುವರು. "ಕುಣಿತ ಚೆನ್ನಾಗಿರುತ್ತೆ, ಅದಕ್ಕೇ ವೋಟು ಹಾಕ್ತೀವಿ. ಮಳೆ ಬಂದರೆ ಮನೆಯೊಳಗೆ ನೀರು. ಆಗ ಆ ಮಹಾಶಯ ಬಂದು ಅಲ್ಲೂ ಕುಣೀತಾನೆ!" ನಾವು ಅನ್ನ ನೆತ್ತಿಗೆ ಹತ್ತುವ ಹಾಗೆ ನಗುತ್ತಿದ್ದೆವು.

ನಗಬಹುದಿತ್ತು. ತಲೆಯಾಡಿಸಬಹುದಿತ್ತು. ಬಾಯಿ ಮಾತ್ರ ತೆರೆಯಬಾರದಿತ್ತು. ಈ ಕಟ್ಟಳೆ ಹೊಸಬರಿಗೆ ಗೊತ್ತಿರುತ್ತಿರಲಿಲ್ಲ.

ಲ್ಯಾಬಿನ ಟೆಕ್ನೀಷಿಯನ್ ಬಿನೀಶ್ ತ್ರಿಶ್ಶೂರಿನ ಕಡೆಯವನು, ಒಳ್ಳೆಯ ಹುಡುಗ. ಸೇರಿದ ಎರಡನೇ ವಾರವೋ ಏನೋ, ಅತೆಯ ಕುಣಿತಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕು, "ಅದಕ್ಕೇ ಅಲ್ವಾ ಅತೆ, ನೀವೆಲ್ಲ ದೇಶ ಬಿಟ್ಟು ಇಲ್ಲಿ ಬಂದು ಸೇರಿರೋದು? ಅಲ್ಲಿ ಸರಿಯಾಗಿ ಒಂದೂ ನಡೆಯೋದಿಲ್ಲ" ಎಂದುಬಿಟ್ಟ.

ಅತೆಯ ಸೊಂಟ ಅರ್ಧ ತಿರುಗಿದಲ್ಲೇ ನಿಂತಿತು. ಮುಖದ ಮೇಲಿನ ನಗು ಹೋಗಲಿಲ್ಲ, ಆದರೆ ಅದರೊಳಗಿನ ದೀಪ ಆರಿತು. ಮೆಲ್ಲಗೆ ಕೂತು, ಡಬ್ಬಿ ಮುಚ್ಚಿ, "ಎಕ್ಸ್‌ಕ್ಯೂಸ್ ಮಿ" ಎಂದು ಎದ್ದು ಹೋದರು. ಅಷ್ಟೇ. ಜಗಳವಿಲ್ಲ, ದೂರಿಲ್ಲ. ಮರುದಿನದಿಂದ ಬಿನೀಶನ ಪಾಲಿಗೆ ಅತೆ ಇಲ್ಲವಾದರು. ಅವನು 'ಗುಡ್ ಮಾರ್ನಿಂಗ್' ಎಂದರೆ ಅವನ ಹಿಂದಿನ ಗೋಡೆಗೆ 'ಗುಡ್ ಮಾರ್ನಿಂಗ್' ಹೇಳುವರು. ಯಾರದ್ದೋ ಹುಟ್ಟುಹಬ್ಬಕ್ಕೆ ದೊಡ್ಡ ತಟ್ಟೆ ತುಂಬ ನೂಡಲ್ಸ್ ಮಾಡಿ ತಂದರು. ನಮಗೆಲ್ಲ ಬಡಿಸಿ, ಅವನ ಮುಂದೆ ಬಂದಾಗ ತಟ್ಟೆ ತಾನಾಗಿಯೇ ಇನ್ನೊಂದು ಕಡೆಗೆ ತಿರುಗಿತು. ಈ ಬಗೆಯ ಮುನಿಸಿಗೆ ಅವರಲ್ಲಿ 'ತಂಪೊ' ಎನ್ನುತ್ತಾರಂತೆ. ನಮ್ಮ ತಂಪಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಆ ದಿನಗಳಲ್ಲಿ ಪ್ಯಾಂಟ್ರಿಗೆ ಏಸಿಯೇ ಬೇಡವಾಗಿತ್ತು.

ಪಾಪ, ಹುಡುಗ ಒದ್ದಾಡಿಹೋದ. ನನ್ನ ಹತ್ತಿರ ಬಂದು, "ಚೇಚಿ, ನಾನೇನು ಸುಳ್ಳು ಹೇಳಿದೆ? ಅವರೇ ಹೇಳಿದ್ದನ್ನು ತಾನೇ ಹೇಳಿದ್ದು?" ಎಂದು ಕೇಳಿದ. ಚೇಚಿ ಎಂದರೆ ಅವನ ಕಡೆ ಅಕ್ಕ. ಕೊನೆಗೆ ಅವನು ರಜೆಗೆ ಊರಿಗೆ ಹೋಗಿ ಬರುವಾಗ ಬಾಳೆಕಾಯಿ ಚಿಪ್ಸ್ ತಂದು ಅವರ ಮೇಜಿನ ಮೇಲಿಟ್ಟು, ಶಾಲಾ ಹುಡುಗನ ಹಾಗೆ ಕೈಕಟ್ಟಿ ನಿಂತ. ಅತೆ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಕ್ಲಿನಿಕ್ಕಿಗೆ ಕ್ಲಿನಿಕ್ಕೇ ಉಸಿರು ಬಿಗಿಹಿಡಿದಿತ್ತು.

"ನಮ್ಮೂರಲ್ಲೂ ಮಾಡ್ತಾರೆ. ನಮ್ಮದು ಇನ್ನೂ ಗರಿಗರಿ" ಎಂದರು. ಇನ್ನೊಂದನ್ನು ಎತ್ತಿಕೊಂಡು, "ಇದೂ ಪರವಾಗಿಲ್ಲ. ಖಲಾಸ್, ಮುಗೀತು. ಯಲ್ಲಾ, ಬೇಗ ನಿನ್ನ ಪ್ಲೇಟ್ ತಾ" ಎಂದರು. ಅಂದು ಬಿನೀಶನಿಗೆ ಎರಡು ಸುತ್ತು ಬಡಿಸಿದರು.

ಆ ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಗ ನಾನು ಕೇಳಿಯೇಬಿಟ್ಟೆ. "ಅತೆ, ನೀವು ಬೆಳಗಿಂದ ಸಂಜೆತನಕ ಬೈತೀರಿ. ಅವನು ಒಂದು ಮಾತು ಹೇಳಿದರೆ ಯಾಕೆ ಅಷ್ಟು ನೋವು?"

ಅವರು ಕಿಟಕಿಯ ಹೊರಗೆ ನೋಡುತ್ತಾ ಇದ್ದರು. "ನನ್ನ ಅಮ್ಮನದು ಚಪ್ಪಟೆ ಮೂಗು, ಇಂದಾಯ್. ನಾನು ಅದನ್ನು ದಿನಾ ಹಾಸ್ಯ ಮಾಡ್ತಿದ್ದೆ. ಯಾಕಂದರೆ ಆ ಮೂಗಿಗೆ ನಾನು ಮುತ್ತು ಕೊಟ್ಟಿದ್ದೀನಿ. ಅವನು ಕೊಟ್ಟಿದ್ದಾನಾ?"

ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮುಂದುವರಿಸಿದರು. ಪ್ರಾಯದಲ್ಲಿ ಈ ದೇಶಕ್ಕೆ ಬಂದ ಹೊಸದರಲ್ಲಿ, ನರ್ಸಿಂಗ್ ಓದಿ ಬಂದಿದ್ದರೂ ಅವರನ್ನು ನೋಡಿದ ರೋಗಿಗಳು "ನರ್ಸ್ ಯಾವಾಗ ಬರ್ತಾರೆ?" ಎಂದು ಅವರನ್ನೇ ಕೇಳುತ್ತಿದ್ದರಂತೆ. ಒಬ್ಬಾಕೆ ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೂ, ನಮ್ಮ ಮನೆಕೆಲಸಕ್ಕೆ ಬರುತ್ತೀಯಾ ಎಂದಳಂತೆ. "ನಮ್ಮ ದೇಶದ ಹೆಸರು ಹೇಳಿದ ಕೂಡಲೇ ಜನರ ಹತ್ತಿರ ಒಂದು ಮಾತು ಮೊದಲೇ ರೆಡಿ ಇರುತ್ತೆ. ಬಡತನ, ಬಿರುಗಾಳಿ, ಮನೆಗೆಲಸ. ನಾನು ಬಾಯಿ ತೆರೆಯೋ ಮೊದಲೇ ನನ್ನ ಬಗ್ಗೆ ಎಲ್ಲ ಹೇಳಿ ಮುಗಿಸಿರ್ತಾರೆ. ಮನೆಕೆಲಸ ಕೀಳು ಅಂತ ಅಲ್ಲ. ನನ್ನ ಅಕ್ಕ ಅದನ್ನೇ ಮಾಡಿ ನನ್ನನ್ನು ಓದಿಸಿದಳು. ಆದರೆ ಆ ಮಾತು ಹೇಳುವಾಗ ಅವರ ಮುಖ ನೋಡು, ಇಂದಾಯ್. ಮುಖ ನೋಡು."

ಇಷ್ಟು ಮುನಿಯುವವರು ಬೇರೆಯವರ ಊರಿನ ವಿಷಯದಲ್ಲಿ ಹೇಗೋ ಏನೋ ಎಂಬ ಸಂಶಯ ನನಗಿತ್ತು. ಅದೂ ಒಂದು ದಿನ ಬಗೆಹರಿಯಿತು. ರಜೆಯಲ್ಲಿದ್ದವರ ಜಾಗಕ್ಕೆ ಬಂದಿದ್ದ ಬದಲಿ ಡಾಕ್ಟರೊಬ್ಬರು ಊಟದ ಮೇಜಿನಲ್ಲಿ ಇಂಡಿಯಾದ ಕೊಳಕಿನ ಬಗ್ಗೆ, ಮೂಗು ಹಿಡಿದು ಅಭಿನಯಿಸುತ್ತಾ ವರ್ಣಿಸತೊಡಗಿದರು. ನನ್ನ ಕಿವಿಯೆಲ್ಲ ಬಿಸಿಯಾಯಿತು. ಅನ್ನ ಕಲೆಸುತ್ತಿದ್ದ ಬೆರಳು ನಿಂತಿತು. ನಮ್ಮೂರ ಮುನಿಸಿಪಾಲಿಟಿಯನ್ನು ನಾನು ಇದಕ್ಕಿಂತ ಚೆನ್ನಾಗಿ ಬೈದವಳೇ. ಆದರೂ ಆ ಕ್ಷಣ ಕುಂದಾಪುರದ ಸಂತೆ ಬೀದಿ ನನ್ನ ಹೆತ್ತ ಮಗುವಾಗಿಬಿಟ್ಟಿತ್ತು. ನಾನು ಏನಾದರೂ ಹೇಳುವ ಮೊದಲೇ ಅತೆ ತಮ್ಮ ತೊಟ್ಟಿಲ ದನಿಯಲ್ಲಿ, "ಡಾಕ್ಟರ್, ನೀವು ಅಲ್ಲಿ ಯಾರ ಮನೆಯಲ್ಲಿ ಊಟ ಮಾಡಿದಿರಿ?" ಎಂದು ಕೇಳಿದರು.

"ಮನೆಯಲ್ಲಾ? ಇಲ್ಲ, ನಾನು ಹೋಟೆಲಿನಲ್ಲಿದ್ದೆ. ಎರಡೇ ದಿನ."

"ಓ" ಎಂದರು ಅತೆ. ಅವರ ಒಂದು 'ಓ' ಎಂತಹದೆಂದರೆ, ಡಾಕ್ಟರು ಮೂಗಿನಿಂದ ಕೈ ತೆಗೆದು ಮೊಸರು ತಿನ್ನತೊಡಗಿದರು. ಅತೆ ನನ್ನ ಡಬ್ಬಿಯಿಂದ ಒಂದು ತುಂಡು ಮೀನು ಎತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಮ್‌ಮ್‌ಮ್!" ಎಂದರು.

ಇನ್ನು ವಾಲಿಬಾಲಿನ ಕತೆ.

ದೋಹಾದ ಆಸ್ಪತ್ರೆ, ಕ್ಲಿನಿಕ್ಕುಗಳ ಹೆಂಗಸರಿಗಾಗಿ ಒಂದು ಪಂದ್ಯಾವಳಿ ನಡೆಯುತ್ತದೆಂದು ಸುದ್ದಿ ಬಂದದ್ದೇ ತಡ, ಅತೆ ತಾವೇ ಕೋಚಾಗಿ ತಂಡ ಕಟ್ಟಿದರು. ಅವರು ಕಾಲೇಜಿನಲ್ಲಿ ಆಡಿದ್ದವರು. ನಾನೂ ಆಡಿದ್ದವಳೇ. ನಮ್ಮ ಕಡೆ ಬೇಸಗೆ ಬಂತೆಂದರೆ ಊರೂರಲ್ಲೂ ಲೈಟು ಕಟ್ಟಿ ವಾಲಿಬಾಲ್ ಆಡಿಸುತ್ತಾರೆ. ನನಗೊಮ್ಮೆ 'ಬೆಸ್ಟ್ ಅಟ್ಯಾಕರ್' ಎಂದು ಸ್ಟೀಲಿನ ಕೊಡಪಾನ ಬಹುಮಾನ ಬಂದಿತ್ತು. ಇದನ್ನು ಕೇಳಿದ ಅತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾರು" ಎಂದರು. ಪ್ಯಾಂಟ್ರಿಯಲ್ಲೇ ಹಾರಿದೆ. "ಸಾಕು, ನೀನೂ ಬಾ" ಎಂದರು. ಐವರು ಫಿಲಿಪಿನೊ ನರ್ಸುಗಳು, ಅವರೊಂದಿಗೆ ಒಬ್ಬಳೇ ಒಬ್ಬಳು ಕುಂದಾಪುರದವಳು. ಪಾಸರ್, ಅಂದರೆ ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುವವಳು, ಜಾಯ್ ಎಂಬ ಹುಡುಗಿ. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಚುರುಕು.

ಎರಡು ತಿಂಗಳು ಸಂಜೆ ಸಂಜೆ ಒಂದು ಶಾಲೆಯ ಹಾಲ್‌ನಲ್ಲಿ ಅತೆ ನಮ್ಮ ಬೆವರಿಳಿಸಿದರು. ತಪ್ಪು ಮಾಡಿದರೆ, "ಎಷ್ಟು ಚಂದ! ಮಕ್ಕಳೇ, ಅಜ್ಜಿಯಂದಿರ ಕ್ಲಬ್ಬಿಗೆ ಸೇರಿಕೊಳ್ಳಿ" ಎಂದು ಹಾಡಿದಂತೆ ಹೇಳುವರು. ಒಂದಾದ ಮೇಲೊಂದು ಪಂದ್ಯ ಗೆದ್ದು, ನಮಗೇ ನಂಬಿಕೆಯಾಗದೆ ನಾವು ಫೈನಲಿಗೆ ಬಂದೆವು.

ಎದುರಾಳಿ ಒಂದು ದೊಡ್ಡ ಆಸ್ಪತ್ರೆಯ ತಂಡ. ನಾಲ್ಕಾರು ದೇಶಗಳ ಹೆಂಗಸರು, ಒಬ್ಬೊಬ್ಬಳೂ ತೆಂಗಿನ ಮರ. ಶುಕ್ರವಾರ ಸಂಜೆ, ಹಾಲ್ ಕಿಕ್ಕಿರಿದಿತ್ತು. ನಮ್ಮ ಕಡೆ ಬಿನೀಶ ಸ್ಟೀಲ್ ತಟ್ಟೆ ಬಡಿಯುತ್ತಿದ್ದ. ನನ್ನ ಗಂಡ ಶಿಫ್ಟ್ ಬದಲಾಯಿಸಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಎರಡೂ ತಂಡ ಸಾಲಾಗಿ ನಿಂತಾಗ, ಮೈಕ್ ಹಿಡಿದಿದ್ದ ಮನುಷ್ಯ ನಮ್ಮನ್ನು ನೋಡಿ ನಕ್ಕು, "ನಮ್ಮ ಪುಟಾಣಿ ಫಿಲಿಪಿನೊ ತಂಡಕ್ಕಾಗಿ ನೆಟ್ ಸ್ವಲ್ಪ ಇಳಿಸೋಣವೇ? ಅಥವಾ ಹತ್ತಿ ನಿಲ್ಲಲು ಸ್ಟೂಲ್ ತರಿಸೋಣವೇ? ಕೇಳಿದರೆ ಹೇಗೂ ಇವರು ಎಲ್ಲದಕ್ಕೂ 'ಯೆಸ್ ಸರ್' ಅನ್ನುತ್ತಾರೆ!" ಎಂದ.

ಇಡೀ ಹಾಲ್ ಗೊಳ್ಳೆಂದಿತು. ನಾನು ಅತೆಯ ಮುಖ ನೋಡಿದೆ. ಅದೇ ಆರಿದ ದೀಪದ ನಗು.

ಆಮೇಲೆ ನಡೆದದ್ದು ಆಟವಲ್ಲ, ಸೇಡು. "ಅವರ ತಲೆಯ ಮೇಲಿಂದಲೇ ಹೊಡೀರಿ! ಎಲ್ಲ ಬಾಲೂ ಮೇಲಿಂದಲೇ!" ಎಂದು ಅತೆ ಗೆರೆಯ ಪಕ್ಕ ನಿಂತು ಕೂಗತೊಡಗಿದರು. ಅವರು ದನಿ ಎತ್ತರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ನಾವು ಹಾರಿ ಹಾರಿ ಹೊಡೆದೆವು. ನೆಟ್ಟಿನ ಆಚೆ ನಾಲ್ಕು ಉದ್ದ ಕೈಗಳು ಗೋಡೆಯಂತೆ ಎದ್ದು ನಿಂತು, ಹೊಡೆದ ಚೆಂಡನ್ನೆಲ್ಲ ನಮ್ಮ ಕಾಲ ಬುಡಕ್ಕೇ ಅಪ್ಪಳಿಸಿದವು. ಮೊದಲ ಸೆಟ್ ಹೀನಾಯವಾಗಿ ಹೋಯಿತು. ಮೂರರಲ್ಲಿ ಎರಡು ಗೆದ್ದವರಿಗೆ ಕಪ್. ಇನ್ನೊಂದು ಸೋತರೆ ಕತೆ ಮುಗಿಯಿತು.

ನೆಟ್ಟಿನ ಹತ್ತಿರ ಆಡುತ್ತಿದ್ದ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಉದ್ದದವರು ಎಲ್ಲರೂ ಗೋಡೆ ಕಟ್ಟಲು ಮುಂದೆ ಓಡಿ ಬರುತ್ತಿದ್ದರು. ಅವರ ಬೆನ್ನ ಹಿಂದೆ ಅಂಗಳ ಖಾಲಿ. ಹೊಡೆಯುವುದೇ ಬೇಡ, ಕೈಗಳ ಆಚೆ ಮೆಲ್ಲಗೆ ಎತ್ತಿಹಾಕಿದರೆ ಸಾಕು. ಆದರೆ ಹಾಗೆ ಹೇಳುವುದೆಂದರೆ ಅತೆಯ ಆಟವೇ ತಪ್ಪು ಎಂದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಮೈಕಿನವನು ಹೇಳಿದ್ದನ್ನೇ ನಾನೂ ಹೇಳಿದ ಹಾಗೆ. ಅದೂ ಹೊರಗಿನವಳಾಗಿ, ಆ ಐವರು ಹುಡುಗಿಯರ ಮುಂದೆ.

ನೀರಿನ ಬಾಟಲಿ ಕೆಳಗಿಟ್ಟು ಹೇಳಿಯೇಬಿಟ್ಟೆ. "ಅತೆ, ನಾವು ಆಡ್ತಿರೋದು ತಪ್ಪು. ನಾವು ಕುಳ್ಳರು, ಅದು ನಿಜ. ಮೇಲಿಂದ ಹೊಡೆದು ಗೆಲ್ಲೋಕೆ ನಮಗಾಗಲ್ಲ. ಆದರೆ ಅವರ ಹಿಂದೆ..."

ಮಾತು ಅಲ್ಲೇ ನಿಂತಿತು. ಅತೆ ನನ್ನನ್ನೇ ನೋಡುತ್ತಿದ್ದರು. ಜಾಯ್ ತಲೆ ತಗ್ಗಿಸಿ ಶೂವಿನ ದಾರ ಕಟ್ಟತೊಡಗಿದಳು; ದಾರ ಬಿಚ್ಚಿರಲೇ ಇಲ್ಲ. ಉಳಿದವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಅತೆ ನನಗೆ ಬೆನ್ನು ಹಾಕಿ ಬೆಂಚಿಗೆ ಹೋಗಿ ಕೂತರು.

ರೆಫರಿ ಸೀಟಿ ಊದಿದರು. ಎರಡನೇ ಸೆಟ್ ಶುರುವಾಯಿತು. ಅತೆ ಕೂಗುವುದಿರಲಿ, ತುಟಿಯನ್ನೇ ಬಿಚ್ಚಲಿಲ್ಲ. ಕೋಚ್ ಇಲ್ಲದ ತಂಡ ತಾಯಿ ಇಲ್ಲದ ಮನೆಯಂತಾಯಿತು. ಮತ್ತೆ ಅದೇ ಗೋಡೆ, ಅದೇ ಪೆಟ್ಟು. ಅಂತರ ಬೆಳೆಯತೊಡಗಿತು. ಕಪ್ಪಿನ ಆಸೆ ಬಿಟ್ಟಿದ್ದೆ. ಅತೆಯನ್ನೇ ಕಳೆದುಕೊಂಡೆ ಎನ್ನಿಸಿತು. ನಾಳೆಯಿಂದ ನನ್ನ ಹಿಂದಿನ ಗೋಡೆಗೆ 'ಗುಡ್ ಮಾರ್ನಿಂಗ್' ಹೇಳುತ್ತಾರೆ. ಅದನ್ನು ನಾನು ತಡೆದುಕೊಳ್ಳಲಾರೆ.

ಅಷ್ಟರಲ್ಲಿ ಅತೆ ಎದ್ದು ನಿಂತು ಎರಡೂ ಕೈಯಿಂದ ಟೈಮ್ ಔಟ್ ಕೇಳಿದರು. ನಾವು ಸುತ್ತ ನಿಂತೆವು. ಅವರು ಯಾರ ಮುಖವನ್ನೂ ನೋಡಲಿಲ್ಲ. ಎದುರಾಳಿಗಳ ಅಂಗಳದ ಕಡೆಗೆ ತಿರುಗಿ, ಅವರ ಹಿಂದಿನ ಖಾಲಿ ಮೂಲೆಯತ್ತ ತುಟಿ ಚಾಚಿದರು. ಆಮೇಲೆ ಇನ್ನೊಂದು ಮೂಲೆಯತ್ತ. ಅಷ್ಟೇ. ಜಾಯ್ ಕಿಸಕ್ಕನೆ ನಕ್ಕಳು. ನನಗೆ ಕೂಗಬೇಕೆನ್ನಿಸಿತು!

ಮುಂದಿನ ಚೆಂಡನ್ನು ಜಾಯ್ ಎತ್ತಿಕೊಟ್ಟಳು. ನಾನು ಇರುವ ಬಲವನ್ನೆಲ್ಲ ಕೂಡಿಸಿ ಹಾರಿದೆ. ಎದುರು ನಾಲ್ಕು ಕೈಗಳು ಎದ್ದವು. ನಾನು ಹೊಡೆಯಲಿಲ್ಲ, ದೋಸೆ ಮಗುಚಿದ ಹಾಗೆ ಚೆಂಡನ್ನು ಆಚೆ ಮಗುಚಿದೆ. ಅದು ಖಾಲಿ ಮೂಲೆಯಲ್ಲಿ ಟಪ್ಪೆಂದು ಬಿತ್ತು. ತೆಂಗಿನ ಮರಗಳು ತಿರುಗಿ ನೋಡಿದವು. ಬಿನೀಶನ ತಟ್ಟೆ ಹುಚ್ಚೆದ್ದಿತು. ಇನ್ನೊಂದು, ಮತ್ತೊಂದು. ಅವರು ಹಿಂದೆ ಸರಿದರೆ ನಾವು ಮುಂದೆ ಹೊಡೆದೆವು, ಅವರು ಮುಂದೆ ಬಂದರೆ ಹಿಂದೆ ಎತ್ತಿಹಾಕಿದೆವು. ಗಿಡ್ಡವರಿಗೆ ನೆಲ ಹತ್ತಿರ. ಅವರು ಹೊಡೆದದ್ದನ್ನು ನಮ್ಮ ಹುಡುಗಿಯರು ಮೊಣಕಾಲು ಸುಲಿದುಕೊಂಡು ಉರುಳಿ ಉರುಳಿ ಎತ್ತಿದರು. ಎರಡನೇ ಸೆಟ್ ನಮ್ಮದಾಯಿತು.

ಮೂರನೆಯದರ ಬಗ್ಗೆ ಏನು ಹೇಳಲಿ! ಒಂದು ಪಾಯಿಂಟ್ ಅವರಿಗೆ, ಒಂದು ನಮಗೆ. ನನ್ನ ಗಂಡ ಎದ್ದು ನಿಂತು, "ಬಿಡ್ಬೇಡಿ! ಬಿಡ್ಬೇಡಿ ಮಾರಾಯ್ತಿ!" ಎಂದು ನಮ್ಮೂರ ಭಾಷೆಯಲ್ಲಿ ಅರಚುತ್ತಿದ್ದರು, ಪಕ್ಕದಲ್ಲಿದ್ದ ಜಾಯ್‌ಳ ರೂಮ್‌ಮೇಟುಗಳು ಅರ್ಥವಾಗದಿದ್ದರೂ "ಬಿಡ್ಬೇಡಿ! ಬಿಡ್ಬೇಡಿ!" ಎಂದು ಘೋಷಣೆ ಹಾಕಿದರು. ಕೊನೆಯ ಚೆಂಡು. ಅವರು ಹೊಡೆದರು, ನಾವು ಎತ್ತಿದೆವು; ನಾವು ಹಾಕಿದೆವು, ಅವರು ಎತ್ತಿದರು. ಮುಗಿಯುವ ಹಾಗೆಯೇ ಕಾಣಲಿಲ್ಲ. ಮತ್ತೆ ಚೆಂಡು ಜಾಯ್ ತಲೆಯ ಮೇಲೆ ಬಂತು. ಅವಳು ನನಗೆ ಎತ್ತಿಕೊಡುತ್ತಾಳೆಂದು ನಾನು ಓಡಿ ಹಾರಿದೆ; ಎದುರಿನ ಗೋಡೆಯೂ ನನ್ನ ಮುಂದೆ ಹಾರಿತು. ಜಾಯ್ ನನಗೆ ಕೊಡಲೇ ಇಲ್ಲ. ತಂಡದ ಅತ್ಯಂತ ಗಿಡ್ಡ ಹುಡುಗಿ, ತನ್ನ ಬೆರಳ ತುದಿಯಿಂದ ಚೆಂಡನ್ನು ನೆಟ್ಟಿನ ಆಚೆಗೆ ಜಾರಿಸಿಬಿಟ್ಟಳು.

ಆಮೇಲೆ ಯಾರು ಯಾರನ್ನು ತಬ್ಬಿಕೊಂಡರೋ ನೆನಪಿಲ್ಲ. ಬಿನೀಶನ ತಟ್ಟೆ ನೆಗ್ಗಿಹೋಗಿತ್ತು. ನೆನಪಿರುವುದು ಇಷ್ಟು: ಅತೆ ಮೈಮೇಲಿನ ಟೀ ಶರ್ಟನ್ನು ಎಳೆದು ಸರಿಮಾಡಿಕೊಂಡು, ಕೂದಲ ಕ್ಲಿಪ್ ತೆಗೆದು ಮತ್ತೆ ಹಾಕಿಕೊಂಡು, ನೆಟ್ಟಗೆ ಮೈಕ್ ಹಿಡಿದವನ ಬಳಿಗೆ ಹೋದರು. ಅವನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ತೊಟ್ಟಿಲ ದನಿ ಮರಳಿ ಬಂದಿತ್ತು.

"ಸರ್, ನೆಟ್ಟಿನ ಎತ್ತರ ಸರಿಯಾಗಿತ್ತು. ಥ್ಯಾಂಕ್ ಯೂ, ಸರ್."

ಮೈಕ್ ಆನ್ ಇತ್ತು. ಇಡೀ ಹಾಲ್ ನಗೆಯಲ್ಲಿ ಸಿಡಿಯಿತು. ಆ ಮನುಷ್ಯನ ದೊಡ್ಡತನವನ್ನೂ ಹೇಳಬೇಕು. ಕೆಂಪಾದ ಮುಖದಲ್ಲೇ ಬಾಗಿ, "ಸಾರಿ, ಮೇಡಂ" ಎಂದ. "ಅದಕ್ಕೆ ಮಾತ್ರ 'ಯೆಸ್ ಸರ್'" ಎಂದರು ಅತೆ.

ಮನೆಗೆ ಹಿಂದಿರುಗುವಾಗ ವ್ಯಾನಿನಲ್ಲಿ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಅವರು ಒಬ್ಬೊಬ್ಬರ ತಪ್ಪನ್ನೂ ಎತ್ತಿ ಆಡಿದರು. ನನ್ನ ಸರದಿ ಬಂದಾಗ ನನ್ನ ಕಡೆಗೆ ತಿರುಗಿದರು.

"ನೀನು ಹೇಳಿದ್ದು ನನಗೆ ಇಷ್ಟ ಆಗಲಿಲ್ಲ."

"ಗೊತ್ತು, ಅತೆ."

"ಬೆಂಚಲ್ಲಿ ಕೂತು ತುಂಬ ಹೊತ್ತು ಸಿಟ್ಟು ಮಾಡಿದೆ. 'ನೀವು ಕುಳ್ಳರು' ಅಂತ ಹೇಳಿದಳು, ಇವಳೂ ಹಾಗೇ, ಅಂತ. ಆಮೇಲೆ ಯೋಚನೆ ಮಾಡಿದರೆ ನೀನು ಹಾಗೆ ಹೇಳಿರಲಿಲ್ಲ. 'ನಾವು' ಅಂದಿದ್ದೆ." ಅವರು ಕಪ್ಪನ್ನು ನನ್ನ ಮಡಿಲಿಗೆ ದಾಟಿಸಿದರು. "ಹಿಡ್ಕೋ. ಭಾರ ಇದೆ."

ಕಳೆದ ವರ್ಷ ಅತೆ ಕೆಲಸ ಬಿಟ್ಟು ಶಾಶ್ವತವಾಗಿ ತಮ್ಮೂರಿಗೆ ಹೋದರು. ಬೀಳ್ಕೊಡುಗೆಯ ದಿನ ಕರಾವೋಕೆ ಹಾಕಿಸಿ, ಎಲ್ಲರಿಂದಲೂ ಹಾಡಿಸಿ, ಅಳಲು ಯಾರಿಗೂ ಪುರುಸೊತ್ತು ಕೊಡಲಿಲ್ಲ. ಅವರು ಹೋದ ಮೇಲೆ ಅವರ ಜಾಗಕ್ಕೆ ಜಾಯ್ ಬಂದಿದ್ದಾಳೆ. ಊಟದ ಹೊತ್ತಿಗೆ ತನ್ನ ದೇಶವನ್ನು ಬೈಯುವುದರಲ್ಲಿ ಅವಳೂ ಕಡಿಮೆಯಿಲ್ಲ. ನಾವು ತಲೆಯಾಡಿಸುತ್ತೇವೆ.

ಹೋದ ವಾರ ಬೆಳಿಗ್ಗೆ ಕೌಂಟರಿನಲ್ಲಿ ಜನ ಕಡಿಮೆಯಿದ್ದ ಹೊತ್ತಿನಲ್ಲಿ ಅವರ ಫೋನ್ ಬಂತು. ಅಲ್ಲಿ ಮಧ್ಯಾಹ್ನ. ಹಿಂದೆ ಕೋಳಿ ಕೂಗುತ್ತಿತ್ತು.

"ಇಂದಾಯ್! ಯಾರ ಹತ್ತಿರ ಹೇಳಲಿ ಅಂತ ನಿನಗೆ ಮಾಡಿದೆ" ಎಂದರು. ಉಸಿರು ಬಿಡದೆ ಶುರುಮಾಡಿದರು. ಅವರ ಬೀದಿಯ ಚರಂಡಿ ಕಟ್ಟಿಕೊಂಡಿದೆ. ಮಳೆ ಬಂದರೆ ಅಂಗಳದಲ್ಲಿ ನೀರು. ಊರಿನ ಸಭೆಯಲ್ಲಿ ಇವರು ಎದ್ದು ನಿಂತು, ಇದೆಂಥ ಊರು, ಇದೆಂಥ ಜನ ಎಂದು ತರಾಟೆಗೆ ತೆಗೆದುಕೊಂಡಿದ್ದಾರೆ. ಆಗ ಪಕ್ಕದ ಮನೆಯ ಹೆಂಗಸು ಎದ್ದು, 'ದೋಹಾದ ಮೇಡಂಗೆ ನಮ್ಮೂರು ಹಿಡಿಸಲ್ಲ. ಇಷ್ಟು ವರ್ಷ ಏಸಿಯಲ್ಲಿದ್ದು ಈಗ ಬಂದು ನಮಗೆ ಹೇಳ್ತಾರೆ' ಎಂದಳಂತೆ. ಇಡೀ ಸಭೆ ಅವಳಿಗೆ ಚಪ್ಪಾಳೆ ತಟ್ಟಿತಂತೆ.

"ನನಗೆ! ನಾನು ಹುಟ್ಟಿದ ಬೀದಿ! ನಾನು ಹೊರಗಿನವಳಾ?" ಎಂದರು. "ಸಿಟ್ಟು ಬಂದು ಮರುದಿನ ಗುದ್ದಲಿ ಹಿಡಿದು ನಾನೇ ಇಳಿದೆ. ಮಂಡಿ ತನಕ ಕೆಸರು. ಎಲ್ಲರೂ ಕಿಟಕಿಯಿಂದ ನೋಡಿದರು. ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು. ಈಗ ಅರ್ಧ ಆಗಿದೆ. ಆದರೆ ಅವಳು ಬಂದಿಲ್ಲ, ಆ ಪಕ್ಕದ ಮನೆಯವಳು. ಎಂಥ ಊರು ಇಂದಾಯ್ ಇದು, ಎಂಥ ಜನ, ನಿನಗೆ ಹೇಳ್ತೀನಿ ಕೇಳು..."

ನಾನು ಕೇಳುತ್ತಿದ್ದೆ. ಖುಷಿಯಿಂದ ಕೇಳುತ್ತಿದ್ದೆ. ಎಷ್ಟು ದಿನವಾಗಿತ್ತು ಆ ದನಿಯಲ್ಲಿ ಬೈಗುಳ ಕೇಳದೆ! ಅಷ್ಟರಲ್ಲಿ ಅತ್ತ ಗೇಟು ಕಿರುಗುಟ್ಟಿತು. ಯಾರೋ ಹೆಂಗಸು ಜೋರಾಗಿ ಕರೆದಳು. ಅವರ ಭಾಷೆಯಲ್ಲಿ ಏನೇನೋ ಮಾತಾಯಿತು; ತಟ್ಟೆ ಇಟ್ಟ ಸದ್ದು, ಮತ್ತೆ ಗುದ್ದಲಿ ನೆಲಕ್ಕೆ ತಾಗಿದ ಸದ್ದು.

"ಏನಾಯ್ತು, ಅತೆ?" ಎಂದೆ.

"ಅವಳೇ" ಎಂದು ಅತೆ ಪಿಸುಗುಟ್ಟಿದರು. "ಅಕ್ಕಿ ಕಡುಬು ತಂದಿದ್ದಾಳೆ. ಗುದ್ದಲಿಯನ್ನೂ ತಂದಿದ್ದಾಳೆ."

"ಸರಿ, ಊರಿನ ಕತೆ ಮುಂದೆ ಹೇಳಿ. ಎಂಥ ಜನ ಅಂತ..."

"ಶ್!" ಎಂದರು ಅತೆ. "ಫೋನ್ ಇಡ್ತೀನಿ, ಇಂದಾಯ್. ಇವಳ ಎದುರಿಗೆ ನಮ್ಮೂರಿನ ವಿಷಯ ಹೊರಗಿನವರ ಹತ್ತಿರ ಮಾತಾಡೋದು ಚೆನ್ನಾಗಿರಲ್ಲ."

ಫೋನ್ ಕಟ್ಟಾಯಿತು. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ, ಜಾಯ್ ಡ್ರೆಸ್ಸಿಂಗ್ ರೂಮಿನಿಂದ ಓಡಿ ಬಂದಳು.